ಚಾಪೆ ಕೇಳುತ್ತಿದ್ದ ಗಿರಿಜಕ್ಕ

ಗಿರಿಜಕ್ಕ ಯಾವ ಹೊಸ ಮನೆಗೆ ಹೋದರೂ ಕಾಫಿಗಿಂತ ಮೊದಲು ಚಾಪೆ ಕೇಳುತ್ತಿದ್ದರು. "ನಮ್ಮ ಹುಡುಗಿ ಎಲ್ಲಿ ಮಲಗ್ತಾಳೆ, ತೋರಿಸ್ರಿ" ಎನ್ನುವರು. ಮನೆಯವರು ಅಡುಗೆಮನೆಯ ಮೂಲೆಯನ್ನೋ ಅಕ್ಕಿ ಮೂಟೆ ಪೇರಿಸಿದ ಕೋಣೆಯನ್ನೋ ತೋರಿಸಿದರೆ, ಗಂಜಿ ಹಾಕಿದ ಕಾಟನ್ ಸೀರೆ ಉಟ್ಟ ಆ ದಪ್ಪನೆಯ ಹೆಂಗಸು ಅಲ್ಲೇ ಚಾಪೆ ಬಿಡಿಸಿ ಉದ್ದಕ್ಕೆ ಮಲಗಿಬಿಡುವರು. ಆ ಮಗ್ಗುಲು ಈ ಮಗ್ಗುಲು ಹೊರಳಿ, ಸೂರು ನೋಡಿ, ಸೊಳ್ಳೆ ನೋಡಿ, ಎದ್ದು ಬಾಗಿಲಿಗೆ ಒಳಗಡೆಯಿಂದ ಚಿಲಕ ಬೀಳುತ್ತದೆಯೇ ಎಂದು ಹಾಕಿ ತೆಗೆದು ನೋಡುವರು. ಮನೆಯ ಯಜಮಾನರು ಕಕ್ಕಾಬಿಕ್ಕಿಯಾಗಿ ನಿಂತಿರುತ್ತಿದ್ದರು. ಜೊತೆಗೆ ಹೋದ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು.

"ನಾನು ಮಲಗಾಕಾಗ್ದಿದ್ ಜಾಗದಾಗೆ ನಮ್ಮ ಹುಡುಗೀನ ಮಲಗ್ಸಲ್ಲ" ಎನ್ನುವುದು ಅವರ ಕಾನೂನು. ಮೇಲ್ಮನವಿಗೆ ಅವಕಾಶವಿರಲಿಲ್ಲ.

ಆಸ್ಪತ್ರೆಯಲ್ಲಿ ನರ್ಸಾಗಿ ದುಡಿದು ನಿವೃತ್ತರಾದ ಮೇಲೆ ಗಿರಿಜಕ್ಕ ಚಿತ್ರದುರ್ಗದಲ್ಲಿ ತಮ್ಮ ಮನೆಯ ಮುಂದಿನ ಕೋಣೆಯಲ್ಲೇ ಹೋಂ ನರ್ಸಿಂಗ್ ಏಜೆನ್ಸಿ ಶುರು ಮಾಡಿದ್ದರು. ಹಾಸಿಗೆ ಹಿಡಿದ ಮುದುಕರನ್ನು, ಬಾಣಂತಿಯರನ್ನು ನೋಡಿಕೊಳ್ಳಲು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಮನೆಗಳಿಗೆ ಹೆಣ್ಣುಮಕ್ಕಳನ್ನು ಕಳಿಸುವ ಕೆಲಸ. ತುರುವನೂರಿನಿಂದ ದಿನಾ ಬಸ್ಸು ಹತ್ತಿ ಬರುತ್ತಿದ್ದ ನಾನು ಅಲ್ಲಿ ಫೋನು ನೋಡಿಕೊಳ್ಳುತ್ತಿದ್ದೆ. ಫೋನು ನೋಡಿಕೊಳ್ಳುವುದೆಂದರೆ ಅರ್ಧ ದಿನ ಬೈಸಿಕೊಳ್ಳುವುದು. ಬೇರೆ ಏಜೆನ್ಸಿಯವರು ಕೇಳಿದ ದಿನವೇ ಆಳು ಕಳಿಸುತ್ತಿದ್ದರು. ನಮ್ಮ ಅಕ್ಕ ಮಾತ್ರ ಮೊದಲು ಹೋಗಿ ಮಲಗಿ ಎದ್ದು ಬರಬೇಕು.

ಕೆಲಸಕ್ಕೆ ಬಂದವರ ಆಧಾರ್ ಕಾರ್ಡನ್ನು ಅಕ್ಕ ನೋಡಿ ಆ ಕ್ಷಣವೇ ವಾಪಸು ಕೊಡುತ್ತಿದ್ದರು. ಮನೆಯವರೂ ಇಟ್ಟುಕೊಳ್ಳುವಂತಿರಲಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಹುಡುಗಿಯೇ ತನ್ನ ಫೋನಿನಿಂದ ನಮ್ಮ ಜೊತೆ ಮಾತಾಡಬೇಕು. ಜೊತೆಗೆ ಅಕ್ಕನ ನಂಬರು ಬಾಯಿಪಾಠ ಬರಬೇಕು. ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸದೆ ಯಾರೂ ಬ್ಯಾಗು ಎತ್ತುವಂತಿರಲಿಲ್ಲ. ಫೋನಿನಲ್ಲಿ ಸೇವ್ ಆಗಿದೆಯಲ್ಲ ಎಂದು ನಾನೊಮ್ಮೆ ಅಂದದ್ದಕ್ಕೆ ಅವರು ಕನ್ನಡಕದ ಮೇಲಿಂದ ನೋಡಿದರು. "ಫೋನ್ ಕಿತ್ಕಂತಾರೆ ಸುಮಾ. ನಾಲಿಗೆ ಕಿತ್ಕಳಾಕಾಗಲ್ಲ."

ಹಿರಿಯೂರು ಕಡೆಯ ಹಳ್ಳಿಯೊಂದರ ಭಾಗ್ಯ ನಮ್ಮಲ್ಲಿಗೆ ಬಂದಾಗ ಅವಳಿಗೆ ಇಪ್ಪತ್ತರ ಆಸುಪಾಸು. ಕುರಿ ಕಾಯುವ ಮನೆಯ ಹುಡುಗಿ. ಈದ ಕುರಿಯ ಆರೈಕೆ ಮಾಡಿ ಬೆಳೆದವಳಿಗೆ ಮನುಷ್ಯರ ಆರೈಕೆ ಏನು ಕಷ್ಟ ಎಂದು ಅವಳೇ ನಗುತ್ತಿದ್ದಳು. ಅವಳಿಗೆ ಹೊಳಲ್ಕೆರೆಯ ಮಂಡಿ ವ್ಯಾಪಾರಿಯೊಬ್ಬರ ಮನೆ ಗೊತ್ತಾಯಿತು. ಪಾರ್ಶ್ವವಾಯು ಬಡಿದ ಅಜ್ಜಿಯನ್ನು ನೋಡಿಕೊಳ್ಳಬೇಕು. ಅಕ್ಕ ಎಂದಿನಂತೆ ಹೋಗಿ ಚಾಪೆ ಕೇಳಿದರು. ಮನೆಯಾಕೆ ನಗುತ್ತ, ಚಾಪೆ ಯಾಕ್ರಿ ಅಕ್ಕಾರೆ ಎಂದು ಮಹಡಿಯ ಕೋಣೆ ತೋರಿಸಿದಳು. ಮಂಚ, ಹೊಸ ಹಾಸಿಗೆ, ಫ್ಯಾನು, ಒಳಚಿಲಕ. ಅಕ್ಕ ಮಲಗಿದವರು ಗೊರಕೆಯನ್ನೇ ಹೊಡೆದರು. ಅವರನ್ನು ನಾನು ಎಬ್ಬಿಸಬೇಕಾಯಿತು.

ಸುಗ್ಗಿ ಮುಗಿದ ದಿನಗಳ ಒಂದು ಭಾನುವಾರ ಭಾಗ್ಯಳ ಫೋನು ಬರಲಿಲ್ಲ. ನಾನೇ ಮಾಡಿದರೆ ಸ್ವಿಚ್ ಆಫ್. ಮನೆಯಾಕೆಗೆ ಮಾಡಿದೆ. ಬಲು ವಿಶ್ವಾಸದಿಂದ ಮಾತಾಡಿದಳು. ನಿನ್ನೆ ಸಂಜೆ ಅವರಪ್ಪ ಬಂದಿದ್ದ, ಊರಲ್ಲಿ ದೇವರ ಕಾರ್ಯವಂತೆ, ಕರೆದುಕೊಂಡು ಹೋದ, ವಾರ ಬಿಟ್ಟು ಬರುತ್ತಾಳೆ ಎಂದಳು. ನನಗೆ ಸಮಾಧಾನವಾಗಿ ಅಕ್ಕನಿಗೆ ಹೇಳಿದೆ. ರೊಟ್ಟಿ ತಟ್ಟುತ್ತಿದ್ದ ಅವರ ಕೈ ಹಾಗೇ ನಿಂತಿತು.

"ಯಾವಪ್ಪ ಬಂದಿದ್ದ?" ಎಂದರು. "ಗದ್ದೆ ಕುಯ್ಲು ಮುಗಿದೈತೆ. ಕುಯ್ದ ಗದ್ದೆಯಾಗೆ ಮೇಯ್ಸಾಕೆ ಅವರಪ್ಪ ಕುರಿ ಹೊಡ್ಕಂಡು ದಾವಣಗೆರೆ ಕಡೆ ಬಯಲಾಗೆ ಅವ್ನೆ. ಅವರಮ್ಮನೂ ಅಲ್ಲೇ. ಊರಾಗೆ ಮನೆಗೆ ಬೀಗ ಐತೆ. ಮಂದೆ ಬಿಟ್ಟು ದೇವರ ಕಾರ್ಯ ಮಾಡ್ತಾರೇನೆ?"

ಆ ಮನೆಯಾಕೆಗೆ ಸುಳ್ಳು ಹೇಳಲು ಬರುತ್ತಿತ್ತು, ಆದರೆ ಕುರಿಯವರ ಕಾಲಮಾನ ಗೊತ್ತಿರಲಿಲ್ಲ. ಎಲ್ಲರ ಅಪ್ಪಂದಿರೂ ಶನಿವಾರ ಸಂಜೆ ಬಿಡುವಾಗಿರುತ್ತಾರೆ ಅಂದುಕೊಂಡಿದ್ದಳು.

ಅಕ್ಕ ಆ ಮನೆಯಾಕೆಯ ಜೊತೆ ಜಗಳ ಮಾಡುತ್ತಾರೇನೋ ಅಂದುಕೊಂಡೆ. ಮಾಡಲಿಲ್ಲ. ಅವಳಿಗೆ ಮತ್ತೆ ಫೋನು ಮಾಡಬೇಡ, ಎಚ್ಚರಾಗ್ತಾಳೆ ಎಂದಷ್ಟೇ ಹೇಳಿ, ಒಲೆ ಆರಿಸಿ, ಹಿಟ್ಟಿನ ಕೈಯಲ್ಲೇ ಆಟೋ ಹತ್ತಿದರು. ಪೊಲೀಸ್ ಠಾಣೆಯಲ್ಲಿ ಇದ್ದದ್ದು ಒಬ್ಬರು ಮಹಿಳಾ ಹೆಡ್ ಕಾನ್‌ಸ್ಟೇಬಲ್. ಅಕ್ಕ ಹೇಳಿದ ಕುರಿಯ ಲೆಕ್ಕಾಚಾರ ಅವರಿಗೆ ಬಿಡಿಸಿ ಹೇಳುವ ಅಗತ್ಯವೇ ಬೀಳಲಿಲ್ಲ. ಅವರೂ ಈ ಕಡೆಯವರೇ. ಕೂಡಲೇ ದೂರು ಬರೆದುಕೊಂಡು, ಹೆದ್ದಾರಿಯ ಠಾಣೆಗಳಿಗೆಲ್ಲ ಭಾಗ್ಯಳ ಫೋಟೋ ಕಳಿಸಿದರು. ಅಕ್ಕ ಬೆಂಚಿನ ಮೇಲೆ ಕೂತು ಉಗುರಿನ ಸಂದಿಯ ಹಿಟ್ಟು ತೆಗೆಯುತ್ತಿದ್ದರು. ನಾನು ಬಾಲ ಸುಟ್ಟ ಬೆಕ್ಕಿನ ಹಾಗೆ ಬಾಗಿಲಿಗೂ ಬೆಂಚಿಗೂ ಓಡಾಡುತ್ತಿದ್ದೆ. ಅವಳು ಸಿಗದೇ ಹೋದರೆ ಬಯಲಲ್ಲಿರುವ ಆ ತಂದೆಗೆ ಏನೆಂದು ಹೇಳುವುದು ಎನ್ನುವುದೊಂದೇ ತಲೆಯಲ್ಲಿತ್ತು.

ಆಗ ಅಕ್ಕನ ಫೋನು ಬಡಿದುಕೊಂಡಿತು. ಗೊತ್ತಿಲ್ಲದ ನಂಬರು. ಆ ಕಡೆ ಭಾಗ್ಯ.

ಆದದ್ದಿಷ್ಟು. ಮನೆಯಾಕೆಯ ತಮ್ಮ ಬೆಂಗಳೂರಿನ ಮನೆಗಳಿಗೆ ಕೆಲಸದವರನ್ನು ಸರಬರಾಜು ಮಾಡುವ ದಲ್ಲಾಳಿ. ಗಿರಿಜಕ್ಕನೇ ಬೇರೆ ಮನೆಗೆ ಹಾಕಿದ್ದಾರೆ ಎಂದು ಹೇಳಿ, ಚಾರ್ಜಿಗೆಂದು ಫೋನನ್ನೂ, ಜೆರಾಕ್ಸಿಗೆಂದು ಆಧಾರ್ ಕಾರ್ಡನ್ನೂ ಇಸಿದುಕೊಂಡು, ಆ ಬೆಳಿಗ್ಗೆ ಅವಳನ್ನು ಕಾರು ಹತ್ತಿಸಿದ್ದ. ಐಮಂಗಲದ ಹತ್ತಿರ ಹೋಟೆಲಿನಲ್ಲಿ ತಿಂಡಿಗೆ ನಿಲ್ಲಿಸಿದಾಗ ಅವನು ಫೋನಿನಲ್ಲಿ ಯಾರಿಗೋ, ಹುಡುಗಿ ಬರುತ್ತಿದ್ದಾಳೆ, ಆರು ತಿಂಗಳು ಮನೆಯಿಂದ ಆಚೆ ಬಿಡಬೇಡಿ ಎಂದು ಹೇಳಿದ್ದು ಇವಳ ಕಿವಿಗೆ ಬಿತ್ತು. ಕೈ ತೊಳೆದು ಬರುತ್ತೇನೆಂದು ಎದ್ದವಳು ನೆಟ್ಟಗೆ ಅಡುಗೆಮನೆಗೆ ನುಗ್ಗಿ, ಈರುಳ್ಳಿ ಹೆಚ್ಚುತ್ತಿದ್ದ ಹೆಂಗಸಿನ ಫೋನು ಕೇಳಿ, ಬಾಯಿಪಾಠದ ನಂಬರು ಒತ್ತಿದ್ದಳು.

ಅಕ್ಕ ಬೆಂಚಿನಿಂದ ಎದ್ದು ಚಪ್ಪಲಿ ಮೆಟ್ಟುತ್ತ ಹೇಳಿದರು. "ಆ ಹೆಣ್ಣುಮಕ್ಳ ನಡುವೆ ಕುಂತ್ಕ. ಯಾರು ಕರೆದ್ರೂ ಏಳಬ್ಯಾಡ. ಬಂದ್ವಿ."

ದೂರು ಮೊದಲೇ ದಾಖಲಾಗಿದ್ದರಿಂದ ಆ ಭಾಗದ ಪೊಲೀಸರು ನಮಗಿಂತ ಮೊದಲು ಹೋಟೆಲು ಮುಟ್ಟಿದ್ದರು. ನಾವು ಹೋದಾಗ ದಲ್ಲಾಳಿ ಜೀಪಿನಲ್ಲಿದ್ದ. ಆ ಮನೆಯಾಕೆಯ, ಅವಳ ಗಂಡನ ವಿಚಾರಣೆಯೂ ಆ ಸಂಜೆಯೇ ಶುರುವಾಯಿತು. ಭಾಗ್ಯ ಅಡುಗೆಮನೆಯಲ್ಲಿ ಕಣ್ಣೀರು ಸುರಿಸುತ್ತ ಕೂತಿದ್ದಳು. ಮುಂದೆ ಈಳಿಗೆಮಣೆ, ಕೈಯಲ್ಲಿ ಈರುಳ್ಳಿ ಬೇರೆ. ಅವಳು ಅಳುತ್ತಿದ್ದಾಳೋ ಈರುಳ್ಳಿಯೋ ತಿಳಿಯದೆ ನಾನೇ ಜೋರಾಗಿ ಅತ್ತುಬಿಟ್ಟೆ. ಹೋದ ಜೀವ ಬಂದಂತಾಯಿತು ಎನ್ನುತ್ತಾರಲ್ಲ, ಹಾಗಂದರೇನೆಂದು ನನಗೆ ಗೊತ್ತಾದದ್ದು ಅವತ್ತು. ಅಕ್ಕ ಅವಳ ತಲೆ ಸವರಿ, ಎಲ್ಲರಿಗೂ ಮಸಾಲೆ ದೋಸೆ ಹೇಳಿ, ತಾವು ಎರಡು ತಿಂದರು. ಎರಡನೆಯದು ಮುಗಿದ ಮೇಲೆ, ತಟ್ಟೆ ನೋಡುತ್ತ ಅಂದರು: "ಮೆತ್ತನೆ ಹಾಸಿಗೆ ನೋಡಿ ಮೋಸ ಹೋದೆ ಕಣೆ. ಮನೆ ನೋಡ್ದೆ, ಮನೆಯೋರ್ನ ನೋಡ್ಲಿಲ್ಲ."

ಆಮೇಲೆ ಒಂದು ಹೊಸ ಕಾನೂನು ಸೇರಿತು. ಹುಡುಗಿಯನ್ನು ಬಿಟ್ಟು ಬರುವ ದಿನ ಅಕ್ಕ ಅವಳನ್ನು ಆ ಓಣಿಯ ನಾಲ್ಕಾರು ಮನೆಗೆ ಹೊಸ ಸೊಸೆಯನ್ನು ಕರೆದೊಯ್ಯುವಂತೆ ಕರೆದೊಯ್ದು, ಅರಿಶಿನ ಕುಂಕುಮ ಇಸಿದುಕೊಂಡು, "ಇವಳು ನಾಲ್ಕು ದಿನ ಕಣ್ಣಿಗೆ ಬೀಳ್ದಿದ್ರೆ ಎಲ್ಲವ್ಳೆ ಅಂತ ನೀವು ಕೇಳ್ಬೇಕ್ರಿ" ಎಂದು ಹೇಳಿ ಬರುವರು. ಕೆಲವು ಮನೆಯವರಿಗೆ ಇದು ಅವಮಾನವೆನಿಸಿತು. ಅಂಥವರು ಬೇರೆ ಏಜೆನ್ಸಿ ಹುಡುಕಿಕೊಂಡರು. ಹೋದರೆ ಹೋಗಲಿ, ಪೀಡೆ ತೊಲಗಿತು ಎಂದು ನಾನೂ ಅನ್ನುವಷ್ಟು ಗಟ್ಟಿಯಾಗಿದ್ದೆ.

ಭಾಗ್ಯ ಕೆಲವು ತಿಂಗಳು ಕುರಿ ಮಂದೆಯ ಜೊತೆಗಿದ್ದು, ತಾನೇ ತಿರುಗಿ ಬಂದಳು. ನಮ್ಮಲ್ಲೇ ಮೂರ್ನಾಲ್ಕು ವರ್ಷ ದುಡಿದಳು. ಅಷ್ಟರಲ್ಲಿ ಅಕ್ಕನ ಮಂಡಿ ಸವೆದು, ಉಸಿರು ಕಟ್ಟತೊಡಗಿ, ಅವರು ಹೊಸದುರ್ಗದ ತಂಗಿಯ ಮನೆ ಸೇರಿದರು. ಏಜೆನ್ಸಿ ನನ್ನ ಕೊರಳಿಗೆ ಬಿತ್ತು.

ಕೊನೆಯ ಸಲ ನೋಡಲು ಹೋದಾಗ ಅವರು ದಿಂಬಿಗೊರಗಿ ಕೂತಿದ್ದರು. ಬಹಳ ಇಳಿದುಹೋಗಿದ್ದರು, ಆದರೆ ವಿಚಾರಣೆ ಮಾತ್ರ ಎಂದಿನಂತೆಯೇ. ಒಬ್ಬೊಬ್ಬರ ಹೆಸರು ಹಿಡಿದು ಕೇಳಿ ಭಾಗ್ಯಳ ಹೆಸರಿಗೆ ಬಂದರು. ಹೇಳಲೋ ಬೇಡವೋ ಎಂದು ತಡವರಿಸಿ, ನರ್ಸಿಂಗ್ ಕಲಿಯಲು ಬೆಂಗಳೂರಿಗೆ ಹೋದಳು ಎಂದೆ. ಆ ಊರಿನ ಹೆಸರಿಗೆ ಅವರ ಮುಖ ಬಿಗಿಯಿತು.

"ಯಾರು ಕರ್ಕಂಡು ಹೋದ್ರು?"

"ಯಾರೂ ಇಲ್ಲ ಅಕ್ಕ. ತಾನೇ ವಿಚಾರಿಸಿ, ತಾನೇ ಬಸ್ ಹತ್ತಿ ಹೋದ್ಲು."

ಅವರು ದಿಂಬಿನಿಂದ ತುಸು ಮುಂದಕ್ಕೆ ಬಾಗಿದರು. "ಬ್ಯಾಡ ಅನ್ಸಿದ್ರೆ ತಿರುಗಿ ಬರಾಕೆ ಕೈಯಾಗೆ ದುಡ್ಡು ಐತಾ?"

"ಐತೆ ಅಕ್ಕ. ಅವಳ ಹೆಸರಿನ ಬ್ಯಾಂಕಿನಾಗೇ ಐತೆ."

ಅವರ ಮುಖ ಸಡಿಲವಾಯಿತು. ನನ್ನ ಕೈ ಮೇಲೆ ಕೈ ಇಟ್ಟರು.

"ಅಂಗಾರೆ ಎಲ್ಲಿಗಾದ್ರೂ ಹೋಗ್ಲಿ ಬಿಡವ್ವ."