ಅಕ್ಕನ ಎಡಗಡೆಯ ಒಂದಿಂಚು

ಇವತ್ತು ಬೆಳಗ್ಗೆಯಿಂದ ನನ್ನ ತೊಡೆಯ ಮೇಲೆ ಅಕ್ಕನ ಲಂಗಗಳ ರಾಶಿ. ಸೀರೆಯೊಳಗೆ ಉಡುವ ಸಾದಾ ಲಂಗಗಳು, ಎಲ್ಲ ನಾನೇ ಹೊಲಿದವು. ಹುಮನಾಬಾದಿನಿಂದ ಬಸ್ಸು ಹತ್ತಿ ತಾನೇ ಹೊತ್ತು ತಂದು, "ಇವೆಲ್ಲ ಬಿಚ್ಚಿ ಸಮ ಮಾಡಿ ಕೊಡವ್ವ, ಈಗ ಒಂದು ಕಡೆ ಮ್ಯಾಲ ಏರ್ತಾವ" ಎಂದು ಎದುರಿಗೆ ಕೂತಿದ್ದಾಳೆ. ಒಂದೊಂದರ ಅಂಚನ್ನೂ ಎಡಗಡೆ ಒಂದಿಂಚು ಮಡಚಿ ಹೊಲಿದಿದ್ದೇನೆ. ಎಷ್ಟು ಚೆಂದ ಹೊಲಿದಿದ್ದೇನೆಂದರೆ ಬ್ಲೇಡು ಹಿಡಿದರೆ ಬಿಚ್ಚಲು ದಾರವೇ ಸಿಗಲೊಲ್ಲದು. ಬೆಂಕಿ ಹಾಕಲಿ ಈ ಕೈಗೆ!

ಬಸವಕಲ್ಯಾಣದ ಈ ಓಣಿಯಲ್ಲಿ ಇಪ್ಪತ್ತು ವರ್ಷದಿಂದ ಹೊಲಿಯುತ್ತಿದ್ದೇನೆ. ನಮ್ಮ ಕಸುಬಿನ ಮೊದಲ ಪಾಠ ಏನು ಗೊತ್ತೇ? ಗಿರಾಕಿಯ ಮೈಯ ಬಗ್ಗೆ ಮಾತಾಡಬಾರದು. ಒಬ್ಬಳ ಹೆಗಲು ಇಳಿದಿದ್ದರೆ ಅತ್ತ ಒಳಗೆ ಎರಡು ಮಡಿಕೆ ಬಟ್ಟೆ ಇಟ್ಟು, ಇನ್ನೊಬ್ಬಳ ಬೆನ್ನು ಬಾಗಿದ್ದರೆ ಹಿಂದೆ ಉದ್ದ ಬಿಟ್ಟು, ಕನ್ನಡಿಯ ಮುಂದೆ ನಿಲ್ಲಿಸಿ "ಹ್ಯಾಂಗದ ನೋಡ್ರಿ" ಅನ್ನಬೇಕು. ಬಾಯಿ ಬಿಟ್ಟರೆ ಬಣ್ಣಗೇಡು, ಗಿರಾಕಿಯೂ ಹೋದಂತೆ. ಈ ಜಾಣತನವನ್ನು ಒಡಹುಟ್ಟಿದವಳ ಮೇಲೂ ಮಾಡಿದೆನಲ್ಲ, ಅದನ್ನೇ ಹೇಳಹೊರಟಿದ್ದೇನೆ.

ಮೂರು ವರ್ಷದ ಹಿಂದೆ ಭಾವನ ಸ್ಕೂಟರಿನ ಹಿಂದೆ ಎರಡೂ ಕಾಲು ಒಂದೇ ಕಡೆ ಹಾಕಿ ಕೂತಿದ್ದ ಅಕ್ಕ, ರೋಡಿನ ಉಬ್ಬಿಗೆ ಎಗರಿ ಬಿದ್ದಳು. ಸೊಂಟದ ಕೆಳಗಿನ ಎಲುಬಿನ ಕಟ್ಟು, ಡಾಕ್ಟರು ಪೆಲ್ವಿಸ್ ಅನ್ನುತ್ತಾರಲ್ಲ, ಅದು ಎರಡು ಕಡೆ ಮುರಿದಿತ್ತು. ಮೊದಲು ನೋಡಿದ ಡಾಕ್ಟರು ದೊಡ್ಡ ದವಾಖಾನೆಗೆ ಒಯ್ಯಿರಿ ಅಂದರು. ಆದರೆ ಅಕ್ಕನ ಕಾಲಿನ ಬೆರಳು ಆಡುತ್ತಿದ್ದವು. "ಬೆರಳ ಆಡ್ಯಾವಂದ್ರ ಏನೂ ಆಗಿಲ್ಲ" ಎಂದು ಹಿರಿಯರು ತೀರ್ಪು ಕೊಟ್ಟರು. ಎಲುಬು ಕೂಡಿಸುವವರಿಂದ ಪಟ್ಟಿ ಕಟ್ಟಿಸಿ ಎರಡು ತಿಂಗಳು ಮಲಗಿಸಿದೆವು. ಎಲುಬು ಕೂಡಿತು. ಅವಳು ಎದ್ದು ನಡೆದ ದಿನ ಹೋಳಿಗೆ ಮಾಡಿ ಉಂಡೆವು.

ಅದಾದ ಮೇಲೆ ಹೊಲಿದ ಮೊದಲ ಲಂಗ ಎಡಗಡೆ ನೆಲ ಗುಡಿಸಿತು. ನನ್ನದೇ ಲೆಕ್ಕ ತಪ್ಪಿತೇನೋ ಎಂದು ಮತ್ತೆ ಅಳೆದೆ. ಟೇಪು ಸರಿ ಇತ್ತು, ಅಕ್ಕ ವಾಲಿದ್ದಳು. ಕೆಳಗೆ ಕೂತರೆ ಒಂದು ಪಕ್ಕಕ್ಕೆ ಮಡಿಸಿದ ಟವೆಲ್ ಒತ್ತು ಕೊಡಬೇಕು. ಲಿಂಗಪೂಜೆಗೆ ಕೂತವಳು ಅರ್ಧಕ್ಕೇ ಏಳುತ್ತಿದ್ದಳು. ಎಷ್ಟೋ ದಿನದ ಮೇಲೆ ನಗುತ್ತಿದ್ದಾಳೆ, ಯಾಕೆ ಹೇಳಲಿ? ಸುಮ್ಮನೆ ಅಂಚು ಮಡಚಿದೆ. ಸೀರೆ ಉಟ್ಟು ನಿಂತರೆ ಯಾರ ಕಣ್ಣಿಗೂ ಏನೂ ಕಾಣಲಿಲ್ಲ. ಹೀಗೇ ಒಂದೂವರೆ ವರ್ಷ ಕಳೆಯಿತು.

ನೋವು ತಾಳಲಾರದೆ ಹುಮನಾಬಾದಿನ ಡಾಕ್ಟರಿಗೆ ತೋರಿಸಿದೆವು. ಅವರು ಎಕ್ಸ್‌ರೇ ಬೆಳಕಿಗೆ ಹಿಡಿದು, "ಎಲುಬು ಕೂಡ್ಯದ್ರಿ, ಆದ್ರ ಜಾಗಾ ತಪ್ಪಿ ಮ್ಯಾಲ ಕೂಡ್ಯದ. ಹೈದರಾಬಾದಿನ್ಯಾಗ ಅದನ್ನ ಮತ್ತ ಕಡಿದು, ಕೆಳಗ ಎಳೆದು, ಪ್ಲೇಟು ಸ್ಕ್ರೂ ಹಾಕಿ ಕೂಡಿಸ್ತಾರ. ನರಕ್ಕ ಪೆಟ್ಟಾದ್ರ ಪಾದ ಏಳಲಿಕ್ಕಿಲ್ಲ" ಎಂದರು.

"ಕೂಡಿದ್ದನ್ನ ಯಾಕ ಮುರೀಬೇಕ್ರಿ?" ಎಂದ ಭಾವ.

ನನಗೂ ಅದೇ ಗೊಂದಲ. ಕೂಡಿದೆ ಅಂದಮೇಲೆ ಕೂಡಿದೆ, ತಪ್ಪಿ ಕೂಡುವುದೆಂದರೇನು? ಮುರಿಸಿದರೆ ಸರಿಯೋ, ಬಿಟ್ಟರೆ ಸರಿಯೋ, ನೀವೇ ಹೇಳಿ. ಡಾಕ್ಟರು ನಮ್ಮಿಬ್ಬರ ಮುಖ ನೋಡಿದರು. "ಲಗೂನ ಬಂದಿದ್ರ ಇಷ್ಟು ಕಠಿಣ ಇರ್ತಿದ್ದಿಲ್ಲ. ಓರೆ ಆಗ್ಯಾರಂತ ಮನ್ಯಾಗ ಯಾರಿಗೂ ಕಾಣಲಿಲ್ಲೇನ್ರಿ?" ಭಾವ ಫ್ಯಾನ್ ನೋಡಿದ, ನಾನು ನೆಲ ನೋಡಿದೆ.

ಅಕ್ಕನ ನೋವು ನೋಡಲಾರದೆ ಕಡೆಗೆ ಒಪ್ಪಿದೆವು; ಹೈದರಾಬಾದಿನಲ್ಲಿ ಆಪರೇಷನ್ ಆಯಿತು. ಎಷ್ಟೋ ವಾರ ಮಲಗಿ, ವಾಕರ್ ಹಿಡಿದು ಮೊದಲ ಸಲ ನಿಂತಾಗ ಅಕ್ಕ ಗಾಬರಿಯಾಗಿ ಕೂಗಿದಳು: "ಅಯ್ಯ ತಂಗಿ, ನನ್ನ ಓರೆ ನಿಲ್ಲಿಸ್ಯಾರ!" ನಿಜಕ್ಕೂ ನೆಟ್ಟಗೆ ನಿಂತಿದ್ದಳು. ವಾಲುವುದಕ್ಕೆ ಒಗ್ಗಿದ ಮೈಗೆ ನೆಟ್ಟಗಿದ್ದದ್ದೇ ಓರೆ ಅನ್ನಿಸಿತ್ತು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಯಾವುದು ನೆಟ್ಟಗೆ, ಯಾವುದು ಓರೆ ಎಂದು ನನ್ನ ತಲೆಯೂ ಅವತ್ತಿನಿಂದ ಕೆಟ್ಟಿದೆ.

ಈಗ ಪೂಜೆಗೆ ಕೂತರೆ ಮುಗಿಸಿಯೇ ಏಳುತ್ತಾಳೆ. ಎಡಗಾಲಿನ ಬೆರಳಿಗೆ ಮಾತ್ರ ಜೋಮು. ಇವತ್ತು ಒಂದೇ ಚಪ್ಪಲಿಯಲ್ಲಿ ಬಂದಳು; ಇನ್ನೊಂದು ಎಲ್ಲಿ ಜಾರಿತೋ ಅವಳಿಗೆ ತಿಳಿದೇ ಇಲ್ಲ. ಅದನ್ನು ನೋಡಿದಾಗಿನಿಂದ ಒಂದು ಲಂಗವನ್ನೂ ಪೂರ್ತಿ ಬಿಚ್ಚಲಾಗಿಲ್ಲ. ಕಡೆಗೆ ಬ್ಲೇಡು ಕೆಳಗಿಟ್ಟೆ.

"ಅಕ್ಕಾ, ನಿನ್ನ ಟೊಂಕ ವಾಲಿದ್ದು ನನಗ ಮೊದಲೇ ಗೊತ್ತಿತ್ತು."

ಬೈದರೆ ಬೈಸಿಕೊಳ್ಳೋಣ ಎಂದು ತಲೆ ತಗ್ಗಿಸಿದೆ.

"ಲಂಗ ಒಗಿಯಾಕಿ ನಾನೇ ಅಲ್ಲೇನು?" ಅಂದಳು ಅಕ್ಕ. "ಒಂದು ಕಡೆ ಮಡಚಿದ್ದು ಕಾಣಂಗಿಲ್ಲೇನು? ದೊಡ್ಡ ಸಮಾಚಾರ ಇದ್ರ ನನ್ನ ತಂಗಿ ಹೇಳ್ತಿದ್ಳು ಅಂತ ಬೇಫಿಕರ್ ಇದ್ದೆ."

ಬೈದಿದ್ದರೇ ಚೆನ್ನಾಗಿತ್ತು. ನಾನು ಅತ್ತುಬಿಟ್ಟೆ. ಅವಳು ನೀರು ತರುತ್ತೇನೆಂದು ಎದ್ದು ಅಡುಗೆಮನೆಯತ್ತ ನಡೆದಳು. ಎಡಪಾದದ ಮುಂಭಾಗ ನೆಲ ಸವರುತ್ತಿತ್ತು. ಸುಮ್ಮನಿರು ಎಂದಿತು ಹಳೆಯ ರೂಢಿ. ಆದರೂ ಕೂಗಿದೆ: "ಅಕ್ಕಾ, ಪಾದ ಎಳ್ಯಾಕತ್ತದ. ನನಗ ಕಾಣಾಕತ್ತದ. ನಾಳೆನೇ ಡಾಕ್ಟ್ರಿಗೆ ತೋರಿಸೋಣ."

ಅವಳು ಬಾಗಿಲಲ್ಲೇ ನಿಂತು ತಿರುಗಿದಳು. ಮುಖ ಸಣ್ಣದಾಗಿತ್ತು.

"ನೀ ಹೇಳಾಕತ್ತಿ ಅಂದ್ರ, ದೊಡ್ಡ ಸಮಾಚಾರನೇ ಏನು?"

"ಗೊತ್ತಿಲ್ಲಕ್ಕ," ಅಂದೆ.