ಬ್ಲೋವರಿನಲ್ಲಿ ಸಿಕ್ಕ ಅಕ್ಷತೆ

ನೈರೋಬಿಗೂ ಚಳಿಗಾಲವಿದೆ ಎಂದರೆ ಮೈಸೂರಿನ ನಮ್ಮವರು ಯಾರೂ ನಂಬುವುದಿಲ್ಲ. ನನ್ನ ಬಾಣಂತನಕ್ಕೆಂದು ಬಂದ ಅಮ್ಮನ ಸೂಟ್‌ಕೇಸಿನಲ್ಲಿ ಅಂಟು, ಮೆಂತ್ಯ, ಒಣಕೊಬ್ಬರಿ ಎಲ್ಲ ಇತ್ತು, ಒಂದು ಸ್ವೆಟರ್ ಮಾತ್ರ ಇರಲಿಲ್ಲ. ಜೂನ್ ಬಂತೆಂದರೆ ನೈರೋಬಿಯ ಮೇಲಿನ ಗುಡ್ಡಗಳ ಲಿಮುರು ಕಡೆ ಬೆಳಗಿನ ಮಂಜಿನಲ್ಲಿ ಎದುರಿಗಿರುವ ಗೇಟೂ ಕಾಣುವುದಿಲ್ಲ. ನನ್ನ ಗಂಡನ ಫ್ಯಾಕ್ಟರಿ, ನಮ್ಮ ಕ್ವಾರ್ಟರ್ಸ್ ಎರಡೂ ಅಲ್ಲೇ. ಆಸ್ಪತ್ರೆ ಕೆಳಗೆ, ನಗರದೊಳಗಿನ ಪಾರ್ಕ್‌ಲ್ಯಾಂಡ್ಸಿನಲ್ಲಿ. ಮಗು ಅಡ್ಡ ಮಲಗಿದೆ, ನೋವು ಕಾಣಿಸಿಕೊಂಡರೆ ಒಂದು ಗಳಿಗೆಯೂ ತಡಮಾಡಬೇಡಿ ಎಂದು ಡಾಕ್ಟರು ಹೇಳಿದ್ದರು. ಹೋಗಬೇಕಾದದ್ದು ಜಪಾನಿನಲ್ಲಿ ಯಾರೋ ಓಡಿಸಿ ಬಿಟ್ಟಿದ್ದ ನಮ್ಮ ಹಳೇ ಕಾರಿನಲ್ಲಿ.

ಅದನ್ನು ಚಳಿಗೆ ಸಜ್ಜುಮಾಡಿಸಲು ಒಂದು ಶನಿವಾರ ಮೂವರೂ ನ್ಗಾರಾದ ಗ್ಯಾರೇಜಿಗೆ ಹೋದೆವು. ಬ್ಯಾಟರಿ, ಟೈರು, ವೈಪರು, ಮಂಜಿನ ದೀಪ ಎಲ್ಲ ಆಯಿತು. ಉಳಿದದ್ದು ಬ್ಲೋವರ್. ಗಾಜಿಗೆ ಬಿಸಿಗಾಳಿ ಊದಿ ಒಳಗಿನ ಹಬೆ ಆರಿಸಬೇಕಾದ ಅದು ಕೆಲವು ದಿನ ಗೊರಗೊರ ಎಂದು ಆಮೇಲೆ ಸುಮ್ಮನಾಗಿಬಿಟ್ಟಿತ್ತು. ಅದಿಲ್ಲದೆ ಆ ಮಂಜಿನಲ್ಲಿ ಇಳಿಯುವುದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಇಳಿದ ಹಾಗೆ.

ಮೆಕ್ಯಾನಿಕ್ ಅದನ್ನು ಬಿಚ್ಚಿ, ಅಂಗೈಯಲ್ಲಿ ಏನೋ ಹಿಡಿದು ತಂದ. “ಮಾಮಾ, ಮ್ಚೆಲೆ?” ಎಂದು ನಗುತ್ತಾ ಸ್ವಾಹಿಲಿಯಲ್ಲಿ ನನ್ನನ್ನು ಕೇಳಿದ, ಅಮ್ಮಾ, ಅಕ್ಕಿಯಾ ಎಂದು. ಹೌದು, ಅಕ್ಕಿಯೇ. ಅರಿಸಿನ ಹಚ್ಚಿದ ಅಕ್ಕಿ, ಜೊತೆಗೆ ಬಾಡಿದ ಹೂವಿನೆಸಳು. ಅಮ್ಮ ಬಂದಾಗಿನಿಂದ ಶುಕ್ರವಾರ ತಪ್ಪದೆ ಬಾನೆಟ್ಟಿಗೆ ಕುಂಕುಮವಿಟ್ಟು, ನನ್ನ ಹೆಸರು ಹೇಳಿ ಗಾಜಿನ ಮೇಲೆ ಅಕ್ಷತೆ ಹಾಕುತ್ತಿದ್ದಳು. ಅದು ವೈಪರಿನ ಕೆಳಗಿನ ಜಾಲರಿಯಲ್ಲಿ ಇಳಿದು ಫ್ಯಾನನ್ನೇ ಹಿಡಿದು ನಿಲ್ಲಿಸಿತ್ತು.

ನನಗೆ ನಗು ತಡೆಯಲಾಗಲಿಲ್ಲ. ನನ್ನ ಗಂಡನಿಗೆ ರೇಗಿತು. “ಅತ್ತೆ, ಈ ಕಾರಲ್ಲಿ ಕೂತ್ಕೊಳ್ಳೋದು ನಿಮ್ಮ ಮಗಳೇ. ಮಂಜಲ್ಲಿ ಏನಾದ್ರೂ ಆಗಿದ್ರೆ?”

“ತಪ್ಪಾಯ್ತು ಅಳಿಯಂದ್ರೇ,” ಎಂದಳು ಅಮ್ಮ. ಅಷ್ಟೇ.

ಅವತ್ತಿನಿಂದ ಅವಳು ಕಾರಿನ ಹತ್ತಿರ ಸುಳಿಯಲಿಲ್ಲ. “ನನ್ನ ಕೈ ಸರಿ ಇಲ್ಲ ಕಣೇ. ಮಗೂನೂ ನಾನು ಮುಟ್ಟಲ್ಲ,” ಎಂದಳು ಒಂದು ದಿನ, ಅಡುಗೆಮನೆಯಲ್ಲಿ. “ಹಾಗಾದ್ರೆ ಎಣ್ಣೆನೀರು ಹಾಕೋಕೆ ಆ ಮೆಕ್ಯಾನಿಕ್‌ನ ಕರೆಸ್ಲಾ?” ಎಂದೆ. ಅವಳು ನಗಲಿಲ್ಲ. ಅವಳ ಮೇಲೂ ನನ್ನ ಗಂಡನ ಮೇಲೂ ನನಗೆ ಕೆಟ್ಟ ಸಿಟ್ಟು ಬಂತು.

ಜುಲೈನ ಒಂದು ಬೆಳಗಿನ ಜಾವ ನೋವು ಶುರುವಾಯಿತು. ಹೊರಗೆ ಬರೀ ಬಿಳುಪು. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು, ಬ್ಲೋವರ್ ಉಸ್ಸೆಂದು ಊದಿತು, ಗಾಜು ತಿಳಿಯಾಯಿತು. ಮುಂದೆ ಹೋಗುತ್ತಿದ್ದ ಲಾರಿಯವನು, ಎದುರಿಗೆ ಗಾಡಿ ಇದ್ದಾಗಲೆಲ್ಲ ಬಲಗಡೆ ದೀಪ ಮಿಟುಕಿಸಿ ನಮ್ಮನ್ನು ತಡೆದ. ದಾರಿ ಖಾಲಿಯಾದಾಗ ಎಡಗಡೆಯದು ಮಿಟುಕಿಸಿ ಮುಂದೆ ಬಿಟ್ಟ. ಅವನ ಮುಖ ನಾನು ನೋಡಲಿಲ್ಲ. ಅವನ ಮಕ್ಕಳು ಚೆನ್ನಾಗಿರಲಿ ಎಂದು ಇವತ್ತಿಗೂ ಅಂದುಕೊಳ್ಳುತ್ತೇನೆ. ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತಿದ್ದ ಅಮ್ಮ ಎರಡೂ ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದಳು. ನೋವು ಬಂದಾಗ ಒಂದನ್ನು ಎಳೆದುಕೊಂಡು ಗಟ್ಟಿಯಾಗಿ ಹಿಡಿದೆ, ಆಸ್ಪತ್ರೆಯವರೆಗೂ ಬಿಡಲಿಲ್ಲ.

ಆಪರೇಷನ್ ಆಯಿತು. ಹೆಣ್ಣು ಮಗು. ಸರಿಯಾದ ಹೊತ್ತಿಗೆ ಬಂದಿರಿ ಎಂದರು ಡಾಕ್ಟರು. ಹಳೇ ಕಾರಿಗೆ, ಮೆಕ್ಯಾನಿಕ್ಕಿಗೆ, ದೇವರಿಗೆ ಎಲ್ಲರಿಗೂ ಮನಸ್ಸಿನಲ್ಲೇ ಕೈಮುಗಿದೆ.

ನರ್ಸ್ ಮಗುವನ್ನು ವಾರ್ಡಿಗೆ ತಂದು ನನ್ನ ಗಂಡನ ಮುಂದೆ ಹಿಡಿದಳು. ಅಮ್ಮ ಗೋಡೆಯತ್ತ ಸರಿದು ನಿಂತಳು.

“ಅತ್ತೆ, ನನ್ನ ಕೈ ಇನ್ನೂ ನಡುಗ್ತಾ ಇದೆ,” ಎಂದರು ಅವರು. “ನೀವೇ ಎತ್ಕೊಳ್ಳಿ. ನಿಮ್ಮ ಕೈಲಿದ್ರೆ ನಂಗೆ ಧೈರ್ಯ.”

ಅಮ್ಮ ಸೆರಗಿನೊಳಗಿನಿಂದ ಎರಡೂ ಕೈ ತೆಗೆದಳು.