ಸಾಕಪ್ಪಾ, ಸಾಕು

ಸಿನಿಮಾ ನೋಡಿ ಸಿಟ್ಟು ಬರೂದು ಬ್ಯಾರೆ, ಜೀವಾನೇ ಬ್ಯಾಸರಾಗೂದು ಬ್ಯಾರೆ. ನನಗ ಎರಡೂ ಒಂದೇ ಮಧ್ಯಾಹ್ನದಾಗ ಆತು, ಅದೂ ಪುಕ್ಕಟ ತಿಕೀಟಿನ ಶೋದಾಗ.

ಅದು ಹಳೇ ಕನ್ನಡ ಸಿನಿಮಾದ ಹೊಸಾ ಮರಾಠಿ ಅವತಾರ. ಹಳೇದನ್ನ ನಾ ನೋಡಿದ್ದು ಲಗ್ನಕ್ಕ ಮೊದಲು, ಗದಗಿನಾಗ, ನಮ್ಮ ಸೋದರತ್ತಿ ಸಂಗಾಟ. ಕಪ್ಪು-ಬಿಳಿ ಸಿನಿಮಾ. ಓಣಿ ನಳದ ಸಲವಾಗಿ ಜಗಳಾಡಿ ಲೀಡರ್ ಆದ ಒಬ್ಬ ಹುಡುಗನ ಕಥಿ. ಮೊದಲನೇ ಅರ್ಧದಾಗ ಅವನ ಕಾಲಾಗ ಹರಕ ಚಪ್ಪಲಿ, ಊಟ ಯಾರ ಮನ್ಯಾಗಂದ್ರ ಅವರ ಮನ್ಯಾಗ. ಎರಡನೇ ಅರ್ಧದಾಗ ಕಾರು ಬರ್ತದ, ಮತ್ತ ಆ ನಳಾ ಅವನ ಕಂಪೌಂಡಿನೊಳಗ ಹೋಗ್ತದ. ಇಂವ ಕೆಟ್ಟ ಅಂತ ಯಾರೂ ಬಾಯಿಬಿಟ್ಟು ಹೇಳೂದಿಲ್ಲ, ನೋಡೋರಿಗೇ ತಿಳೀತದ. ಕಡೀಕ ಒಂದು ಸಭಾ. ಅಂವ ಸ್ಟೇಜ್ ಮ್ಯಾಲೆ ನಿಂತು, "ನಿಮಗ ಇನ್ನೇನು ಮಾಡ್ಲಿ, ಹೇಳ್ರಿ" ಅಂತಾನ. ಜನದ ನಡುವಿಂದ ಒಬ್ಬಾಕಿ ಮುದುಕಿ ಏಳ್ತಾಳ. ದನಿ ಏರಸೂದಿಲ್ಲ, ಕೈ ಎತ್ತೂದಿಲ್ಲ. "ಸಾಕಪ್ಪಾ, ಸಾಕು" ಅಂತಾಳ. ಆಮ್ಯಾಲೆ ಒಬ್ಬೊಬ್ಬರೇ ಎದ್ದು ಅದೇ ಮಾತು ಅಂತಾರ, ಸಿನಿಮಾ ಮುಗೀತದ. ನಮ್ಮ ಅತ್ತಿ ಸೆರಗು ಬಾಯಾಗ ಇಟ್ಕೊಂಡು ಅತ್ತಿದ್ಲು. ನನಗ ಅಳು ಬರಲಿಲ್ಲ, ಎದ್ದು ನಾನೂ ಅನ್ನಬೇಕು ಅನಿಸಿತ್ತು.

ಲಗ್ನ ಆದ ಮ್ಯಾಲೆ ಮರಾಠಿ ಸೀಮಿಗೆ ಬಂದೆ. ಅಲ್ಲಿ ಖಡಕಿ ಸಮೀಪ ನಮ್ಮ ಚಾಳ ಇತ್ತು, ಒಂದೊಂದೇ ಖೋಲಿ ಮನಿಗಳ ಸಾಲು. ನಮ್ಮ ಮನಿಯವರು ಅಲ್ಲೇ ಫ್ಯಾಕ್ಟರಿಗೆ ಹೋಗಿ ಬಂದು ರಿಟೈರ್ ಆದ್ರು. ಅದೇ ಚಾಳಿನ ಮರಾಠಿ ಹುಡುಗ ಒಬ್ಬಾಂವ ಬೆಳದು ಲೀಡರ್ ಆದ. ಎಲ್ಲಾರೂ ಅವನ್ನ ಭಾವೂ ಅಂತಾರ, ನಾನೂ ಅಂತೀನಿ, ಅಣ್ಣ ಅಂತ ಅರ್ಥ, ವಯಸ್ಸಿನಾಗ ನನ್ನ ಮಗನಷ್ಟು ಇದ್ರೂ. ನಮ್ಮ ಮಕ್ಕಳ ಜೋಡಿ ಗೋಲಿ ಆಡಿಕೋತ ಕನ್ನಡ ಕಲ್ತಾಂವ. ರೇಶನ್ ಕಾರ್ಡ್ ಬೇಕಂದ್ರ ಭಾವೂ, ದವಾಖಾನಿಗೆ ಗಾಡಿ ಬೇಕಂದ್ರ ಭಾವೂ. ತಲಿ ಮ್ಯಾಲೆ ಕೂಡಿಸ್ಕೊಂಡು ಕುಣದ್ವಿ. ಕಾರ್ಪೊರೇಶನ್ನಿಗೆ ಆರಿಸಿ ಬಂದು ನಗರಸೇವಕ ಆದ. ಆದ ಮ್ಯಾಲೆ, ಚಾಳ ಕೆಡವಿ ದೊಡ್ಡ ಬಿಲ್ಡಿಂಗ್ ಕಟ್ಟಸ್ತೀನಿ, ಎಲ್ಲಾರಿಗೂ ಸ್ವಂತ ಫ್ಲ್ಯಾಟ್, ಅಲ್ಲೀತನಕ ಬ್ಯಾರೆ ಕಡೆ ಇರ್ರಿ ಅಂದ. ಚಾಳ ಕೆಡವಿದ್ದು ಖರೇ. ಆ ಜಾಗಾದಾಗ ಈಗ ತಗಡಿನ ಬೇಲಿ ಅದ, ಬೇಲಿ ಮ್ಯಾಲೆ ಕೈಮುಗದ ಭಾವೂನ ಫೋಟೋ ಅದ, ಒಳಗ ಕಳೆ ಬೆಳದಾವ. ಬಿಲ್ಡಿಂಗ್ ಮಾತ್ರ ಇಲ್ಲ.

ನಾವು ಬಾಡಗಿಗೆ ಇರೂದು ಮೂರನೇ ಮಾಳಿಗಿ ಮ್ಯಾಲೆ, ಲಿಫ್ಟ್ ಇಲ್ಲ. ಮನಿಯವರ ಮೊಣಕಾಲು ಹೋಗಿಬಿಟ್ಟಾವ. ದವಾಖಾನಿಗೆ ಹೋಗೂದಿದ್ರ ಇಬ್ಬರು ಹಿಡಕೊಂಡು ಇಳಸಬೇಕು, ಅದಕ್ಕ ಅಲ್ಲಿಗೂ ಹೋಗೂದಿಲ್ಲ ಅಂತಾರ. ಚಾಳಿನಾಗಾದ್ರ ಬಾಗಲ ಮುಂದ ಕುರ್ಚಿ ಹಾಕ್ಕೊಂಡು ಹೋಗೋ ಬರೋರನ್ನೆಲ್ಲಾ ಮಾತಾಡಸ್ತಿದ್ರು. ಈಗ ದಿನಾ ಒಂದೇ ಪ್ರಶ್ನೆ, "ಭಾವೂ ಏನಂದ?" ಏನಂತಾನ, ನನ್ನ ತಲಿ! ನನಗಿದ್ದ ಹಟ ಇಷ್ಟೇ, ಅವರು ಇದ್ದಾಗಲೇ ನೆಲದ ಮ್ಯಾಲಿನ ಒಂದು ಖೋಲಿ ಸಿಗಬೇಕು.

ಹಿಂಗಿರೂವಾಗ ಭಾವೂನ ಹುಡುಗರು ಬಂದು, ನಮ್ಮ ಚಾಳಿನ ಹೆಣ್ಣುಮಕ್ಕಳಿಗೆಲ್ಲಾ ಸಿನಿಮಾ ಪುಕ್ಕಟ, ಬಸ್ಸೂ ನಮ್ಮದೇ ಅಂತ ಹೇಳಿ ಹೋದ್ರು. ಯಾವ ಸಿನಿಮಾ ಅಂತ ತಿಳದ ಕೂಡಲೇ ನಾ ನಕ್ಕೇ ನಕ್ಕೆ. ಅಯ್ಯ ಶಿವನೇ, ಈ ಹುಚ್ಚಪ್ಪಗ ಕಥೀನೇ ಗೊತ್ತಿಲ್ಲಲ್ಲಾ! ತನ್ನ ಮಂಗಳಾರತಿ ತಾನೇ ಮಾಡಿಸ್ಕೊಳ್ಳಿಕ್ಕೆ ಹೊಂಟಾನ!

ಹಳೇ ಚಾಳಿನಾಗ ನಮ್ಮ ಬಾಜೂ ಖೋಲಿಯಾಗ ಇದ್ದಾಕೀನ ವಹಿನಿ ಅಂತೀನಿ, ಅತ್ತಿಗಿ ಅಂತ ಅರ್ಥ. ಮರಾಠಿಯಾಕಿ, ನನ್ನ ಜೀವದ ಗೆಳತಿ. ಆಕಿ ಮನ್ಯಾಗ ಹೆಣ್ಣುಮಕ್ಕಳನ್ನೆಲ್ಲಾ ಕೂಡಿಸಿ, ಹಳೇ ಸಿನಿಮಾದ ಕಥಿ ಮುದುಕಿತನಕ ಹೇಳಿದೆ. ಭಾವೂ ಮುಂದಿನ ಸಾಲಿನಾಗೇ ಕೂತಿರ್ತಾನ. ಪೇಪರಿನವರೂ ಬಂದಿರ್ತಾರ. ಆ ಮುದುಕಿ ಎದ್ದ ಕೂಡಲೇ ನಾವೂ ಏಳಬೇಕು, ಆಕಿ ಅಂದದ್ದನ್ನೇ ಅನ್ನಬೇಕು, ಅಂದೆ.

"ಏನಂತಾಳ್ರೀ ಕಾಕು ಆಕಿ?" ಅಂತ ಒಬ್ಬಾಕಿ ಕೇಳಿದ್ಲು. ಚಾಳಿನವರಿಗೆಲ್ಲಾ ನಾ ಕಾಕು, ಚಿಕ್ಕಮ್ಮ ಅಂದಂಗ.

"ಕನ್ನಡದಾಗ ಸಾಕು. ನಿಮ್ಮ ಮರಾಠಿಯಾಗ ಪುರೇ ಅಂತಿದ್ದೀತು. ಬಸ್ ಅಂದ್ರೂ ಅಂದಾಳು. ಯಾವ ಶಬ್ದರೇ ಇರ್ಲಿ, ಆಕಿ ಏನಂತಾಳೋ ಅದನ್ನೇ ಅನ್ರಿ. ಅಂಜಬ್ಯಾಡ್ರಿ."

ಅಂಜೂದಿಲ್ಲ ಅಂದ್ರು. ವಹಿನಿಯಂತೂ ಸೆರಗು ಸಿಗಿಸ್ಕೊಂಡು ಎದ್ದು ನಿಂತು ತೋರಿಸಿದ್ಲು. ನಕ್ಕ್ವಿ, ಚಹಾ ಕುಡದ್ವಿ. ಭಾಳ ದಿನದ ಮ್ಯಾಲೆ ನನಗ ಧೈರ್ಯ ಅನಿಸಿತ್ತು.

ಸಿನಿಮಾ ಸುರು ಆತು. ಏನ್ ಹೇಳಲಿ ಅದರ ಚಂದಾನ! ಹರಕ ಚಪ್ಪಲಿ ಇಲ್ಲ, ಹೀರೋನ ಕಾಲಾಗ ಬಿಳೇ ಬೂಟು. ಬಡವ ಅಂತ ತೋರಸಲಿಕ್ಕೆ ಗಲ್ಲಕ್ಕ ಇಷ್ಟು ಮಸಿ. ನಳದ ಜಗಳದಾಗ ಹತ್ತು ಮಂದೀನ ಗಾಳಿಯೊಳಗ ಹಾರಸ್ತಾನ, ಆಮ್ಯಾಲೆ ಕರೀ ಚಾಳೀಸು ಹಾಕ್ಕೊಂಡು ಸಾವಕಾಶ ನಡಕೋತ ಬರ್ತಾನ, ಹಿಂದ ಢೋಲು. ಲಂಚಾ ಎಲ್ಲಾ ತಿನ್ನಾಂವ ಅವನ ಸೆಕ್ರೆಟರಿ, ಹೀರೋಗ ಪಾಪ ಏನೇನೂ ಗೊತ್ತಿಲ್ಲ. ನಳಾ ಕಂಪೌಂಡಿನೊಳಗ ಹೋಗೂದನ್ನ ಕಿತ್ತು ಒಗದು, ಅಲ್ಲೆ ಒಂದು ಹಾಡು ತುರುಕ್ಯಾರ. ಹೊಟ್ಟಿ ಉರೀತು. ಆದ್ರೂ ಮುದುಕಿ ಒಬ್ಬಾಕಿ ಇದ್ರ ಸಾಕು, ಉಳದದ್ದು ಹಾಳಾಗಿ ಹೋಗ್ಲಿ ಅಂತ ಗಟ್ಟಿ ಆಗಿ ಕೂತೆ.

ಸಭಾ ಬಂತು. ಮುದುಕಿ ಎದ್ಲು. ವಹಿನಿ ನನ್ನ ಕೈ ಹಿಡದ್ಲು.

ಆ ಮುದುಕಿ ಎರಡೂ ಕೈ ಮುಗದು, ಕಣ್ಣೀರು ಸುರಿಸಿಕೋತ, "ಬಾಬಾ, ಸಾಂಭಾಳ ರೇ ಆಮ್ಹಾಲಾ" ಅಂದ್ಲು. ಅಪ್ಪಾ, ನಮ್ಮನ್ನ ಸಲಹೋ, ಅಂತ!

ನನಗ ಒಂದು ಕ್ಷಣ ಏನೂ ತಿಳೀಲಿಲ್ಲ. ಆಮ್ಯಾಲೆ ಹೊಳೀತು. ಯಾವನೋ ಪುಣ್ಯಾತ್ಮ ಡಿಕ್ಷನರಿ ತಗದು ನೋಡ್ಯಾನ. ಸಾಕು ಅಂದ್ರ ಮಗೂನ ಸಾಕು, ದನಾ ಸಾಕು, ಆ ಸಾಕು ಸಿಕ್ಕದ ಅವಂಗ. ಅಪ್ಪಾ ಅಂದದ್ದಕ್ಕ ಬಾಬಾ ಅಂತ ಹಾಕ್ಯಾನ. ದಡ್ಡತನಕ್ಕ ಮಾಡಿದ್ರೋ, ಬೇಕಂತ ಮಾಡಿದ್ರೋ, ದೇವರಿಗೇ ಗೊತ್ತು. ಅವರ ಕೈ ಸೇದಿ ಹೋಗ್ಲಿ!

ಅಷ್ಟರಾಗ ನಮ್ಮ ಹೆಣ್ಣುಮಕ್ಕಳು ಎದ್ದು ನಿಂತಿದ್ರು. ನಾ ಹೇಳಿಕೊಟ್ಟಂಗೇ. ಮುದುಕಿ ಅಂದದ್ದನ್ನೇ ಎಲ್ಲಾರೂ ಒಂದೇ ದನಿಲೆ ಅಂದ್ರು. "ಬಾಬಾ, ಸಾಂಭಾಳ ರೇ ಆಮ್ಹಾಲಾ." ಸೆರಗು ಸಿಗಿಸ್ಕೊಂಡು ವಹಿನೀನೂ ಅಂದ್ಲು. ಕೆಲವರು ಖರೇನೇ ಅಳಲಿಕ್ಕೆ ಹತ್ತಿದ್ರು. ನಾ ವಹಿನಿ ಸೀರಿ ಜಗ್ಗಿ, "ಕೂಡ್ರಿ, ಕೂಡ್ರಿ" ಅಂದ್ರ ಆಕಿ ನನ್ನನ್ನೇ ಎಬ್ಬಸಲಿಕ್ಕೆ ನೋಡಿದ್ಲು.

ದೀಪ ಹತ್ತಿದ್ವು. ಭಾವೂ ಹಿಂದ ಹೊಳ್ಳಿ ನೋಡಿದ. ಕಣ್ಣು ಒದ್ದಿ ಆಗಿದ್ವು. ಯಾರೋ ಮೈಕು ಕೊಟ್ರು, ಫೋನುಗಳೆಲ್ಲಾ ಮ್ಯಾಲೆ ಎದ್ದವು. ನನಗ ತಡಕೊಳ್ಳಿಕ್ಕೆ ಆಗಲಿಲ್ಲ. ಎದ್ದು ನಿಂತು ಇದ್ದಬದ್ದ ಶಕ್ತೀಲೆ ಒದರಿದೆ, "ಸಾಕಪ್ಪಾ, ಸಾಕು!"

ಭಾವೂ ನನ್ನನ್ನ ನೋಡಿದ. ಅವಂಗ ತಿಳದದ, ನನಗ ಅದರಾಗ ಎಳ್ಳಷ್ಟೂ ಅನುಮಾನ ಇಲ್ಲ. ನನ್ನ ಕೈಯಾಗಿನ ರೊಟ್ಟಿ ತಿಂದು, ಸಾಕು ಕಾಕು, ಮತ್ತ ಹಾಕಬ್ಯಾಡ್ರಿ ಅಂತಿದ್ದ ಹುಡುಗ ಅಂವ. ಗಕ್ಕನೆ ನಿಂತ. ಆಮ್ಯಾಲೆ ಕೈಮುಗದು, ಮೈಕಿನಾಗ ಮರಾಠಿಯೊಳಗ ಹೇಳಿದ, "ನಮ್ಮ ಚಾಳಿನ ಕಾಕು ತಮ್ಮ ಭಾಷಾದಾಗ ಕೇಳ್ಯಾರ. ಅಪ್ಪಾ, ನಮ್ಮನ್ನ ಸಾಕು ಅಂತ. ಕಾಕು, ನಾ ಸಾಯೂತನಕ ನಿಮ್ಮನ್ನ ಸಾಕ್ತೀನಿ."

ಏನು ಚಪ್ಪಾಳಿ, ಏನು ಶಿಳ್ಳಿ! ನಾ ಅಲ್ಲ ಅಲ್ಲ ಅಂತ ಕೈ ಆಡಿಸಿದೆ. ಅಂವ ಬಂದು ಆ ಕೈಯನ್ನೇ ಹಿಡದು ಹಣಿಗೆ ಹಚ್ಚಿಕೊಂಡ. ಫೋಟೋ ಹೊಡದ್ರು.

ಬಸ್ಸಿನಾಗ ಎಲ್ಲಾರೂ ನನ್ನ ಸುತ್ತ ಕೂತಿದ್ರು. ಅದರ ಅರ್ಥ ಹಂಗಲ್ಲ ಅಂತ ಬಿಡಿಸಿ ಬಿಡಿಸಿ ಹೇಳಿದೆ. ವಹಿನಿ ಕೇಳೂಮಟ ಕೇಳಿ, "ಇರ್ಲಿ ಬಿಡ್ರಿ ಕಾಕು. ಎಲ್ಲಾರ ಮುಂದ ಮಾತು ಕೊಟ್ಟಾನ. ಈಗ ನೀವು ಅರ್ಥ ತಿದ್ದಲಿಕ್ಕೆ ಹೋದ್ರ ಇದ್ದದ್ದೂ ಹೋದೀತು" ಅಂದ್ಲು. ನನ್ನ ಜೀವದ ಗೆಳತಿ!

ಹರ ಹರ ಅಂತ ಮ್ಯಾಲೆ ಹತ್ತಿ ಬಂದೆ. ನನ್ನಕಿಂತ ಮೊದಲೇ ವಿಡಿಯೋ ಮನಿಗೆ ಬಂದಿತ್ತು. ಮನಿಯವರು ಫೋನು ಕಿವಿ ಹತ್ತರ ಹಿಡಕೊಂಡು ಕಾಟಿನ ಮ್ಯಾಲೆ ಕೂತಿದ್ರು. ಅದರಾಗ ನನ್ನದೇ ದನಿ ಒದರತಿತ್ತು. ನನಗ ಒಂದು ಸಮಾಧಾನ ಆತು. ಇವರರೆ ನಮ್ಮ ಮಂದಿ, ವಿಜಾಪುರದಾಗ ಹುಟ್ಟಿ ಬೆಳದಾವರು, ಇವರಿಗೆ ಬಿಡಿಸಿ ಹೇಳೂ ಗರಜೇ ಇಲ್ಲ.

"ಕೇಳಿದ್ರೇನ್ರಿ ನಾ ಏನಂದೆ?" ಅಂದೆ.

"ಕೇಳಿದೆ." ಅವರ ಮಾರಿ ಅಷ್ಟು ಅರಳಿದ್ದನ್ನ ನಾ ಭಾಳ ದಿನದಾಗ ನೋಡಿರಲಿಲ್ಲ. "ಭಾಳ ಛಲೋ ಕೇಳಿದಿ. ಸಾಕು ಅಂತ ಬಾಯಿಬಿಟ್ಟು ಕೇಳಿದ ಮ್ಯಾಲೆ ಅಂವ ಹೆಂಗ ಬಿಟ್ಟಾನು? ಸಾಕ್ತಾನ, ನೋಡಿಕೋ. ಈ ಸಲ ಖೋಲಿ ಕೊಟ್ಟೇ ಕೊಡ್ತಾನ."

ನಾ ಚಪ್ಪಲಿ ಬಿಡೂದನ್ನೂ ಮರತು ಬಾಗಲದಾಗೇ ನಿಂತೆ. ಅವರು ಬಟ್ಟು ಒತ್ತಿ ವಿಡಿಯೋ ಮತ್ತೊಮ್ಮೆ ಸುರು ಮಾಡಿದ್ರು.